ಹದಿನೇಳನೇ ದಾರ

"ಹದಿನೇಳನೇ ನಂಬರು," ಎಂದು ಬಿಸ್ತ್ರಾ ಗಾಜಿನ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದಳು. "ಅದೊಂದ್ರಲ್ಲೇ ಬೆಳೆದಿದೆ ಅಕ್ಕ. ಮಿಕ್ಕಿದ್ರಲ್ಲೆಲ್ಲ ಬರೀ ಧೂಳು, ಹಕ್ಕಿ ಕೊಳೆ."

ನಾನು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೆಳ್ಳಗೆ, ಜಿಡ್ಡುಜಿಡ್ಡಾಗಿ ಚುಕ್ಕೆಗಳು. ಮೂರು ವಾರದಿಂದ ನನ್ನ ಕಣ್ಣಿಗೆ ಕಟ್ಟಿಕೊಂಡಿರುವ ಚುಕ್ಕೆಗಳು. ನಮ್ಮ ಆಸ್ಪತ್ರೆಯ ನವಜಾತ ಶಿಶು ವಾರ್ಡಿನಲ್ಲಿ ಎರಡು ಕೂಸುಗಳನ್ನು ತಿಂದು, ಈಗ ಮೂರನೆಯದರ ಎದೆಯಲ್ಲಿ ಕೂತಿರುವ ಪಿಡುಗು ಇದೇ.

"ಅದೇನಾ? ಖಂಡಿತವಾಗಿ?"

"ಅದೇ. ಯಾವ ಔಷಧಿಗೆ ಬಗ್ಗುತ್ತೆ, ಯಾವುದಕ್ಕೆ ಬಗ್ಗಲ್ಲ ಅಂತ ಪೂರ್ತಿ ನೋಡಿದೀನಿ. ಕಾಲಿನ್ ರಕ್ತದಲ್ಲಿ ಇರೋದೂ ಇದೂ ಒಂದೇ ಜಾತಿ."

ಕಾಲಿನ್ ಎಂದರೆ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳಲ್ಲಿ ಮೂರನೆಯದರ ಕೂಸು. ಹನ್ನೆರಡು ದಿನದ ಪ್ರಾಣ, ತೂಕ ಒಂದು ಬ್ರೆಡ್ಡಿಗಿಂತ ತುಸು ಹೆಚ್ಚು.

ನಾನು ಈ ಆಸ್ಪತ್ರೆಯ ಸೋಂಕು ತಡೆಯುವ ಸಿಸ್ಟರ್. ಹೆಸರು ದೋನ್ಕಾ. ಯಾರು ಕೈ ತೊಳೆದರು, ಯಾರು ತೊಳೆದಂತೆ ನಟಿಸಿದರು ಎಂದು ನೋಡುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿರುವುದರಿಂದ ಇಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಲ್ಯಾಬಿನ ಡಾಕ್ಟರ್ ಬಿಸ್ತ್ರಾ ಒಬ್ಬಳು ಮಾತ್ರ ಬೇರೆ. ಇಪ್ಪತ್ತಾರು ವರ್ಷದಿಂದ ನನ್ನ ಸಿಡುಕನ್ನು ಸಹಿಸಿಕೊಂಡು ಬಂದವಳು ಅವಳು.

ಮೊನ್ನೆ ಮಂಗಳವಾರ ಹಾಡಹಗಲೇ ಏಣಿ ಹಾಕಿ ಅಂಗಳದ ಪ್ಲಮ್ ಮರ ಹತ್ತಿದ್ದೆ. ಹೂಬಿಟ್ಟ ಕೊಂಬೆಗಳಿಗೆ ಆಸ್ಪತ್ರೆಯವರೆಲ್ಲ ತಮ್ಮ ತಮ್ಮ ಮಾರ್ತೆನಿತ್ಸಾ ಕಟ್ಟಿದ್ದರು. ಮಾರ್ಚ್ ಒಂದಕ್ಕೆ ಕೈಗೆ ಕಟ್ಟಿಕೊಂಡ ಆ ಕೆಂಪು-ಬಿಳಿ ದಾರವನ್ನು ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಾಣುವ ತನಕ ಬಿಚ್ಚುವಂತಿಲ್ಲ. ಬಿಚ್ಚಿದರೆ ಮಾರ್ಚ್ ತಿಂಗಳನ್ನು ಆಳುವ ಮಾರ್ತಜ್ಜಿ ಮುನಿಯುತ್ತಾಳೆ, ವರ್ಷವಿಡೀ ಕಾಯಿಲೆ. ಮರ ಕಂಡ ಮೇಲೆ ದಾರ ಮರಕ್ಕೆ. ನಾನು ಒಂದೊಂದನ್ನೂ ಚಿಮಟದಲ್ಲಿ ಬಿಡಿಸಿ, ನಂಬರು ಬರೆದ ಕೊಳವೆಗಳಿಗೆ ಹಾಕಿಕೊಂಡೆ. ಐವತ್ತೆಂಟು ದಾರ.

ಪಕ್ಕದ ಬಾಯ್ಲರ್ ಮನೆಯಿಂದ ಮುದುಕ ಸ್ಪಾಸ್ ಕಲ್ಲಿದ್ದಲ ಸಲಿಕೆ ಹಿಡಿದುಕೊಂಡೇ ಓಡಿ ಬಂದಿದ್ದ. "ಜನ ಕಟ್ಟಿರೋ ಹರಕೆ ಕೀಳ್ತೀಯಲ್ಲೇ! ಮಾರ್ತಜ್ಜಿ ನಿನ್ನ ಸುಮ್ನೆ ಬಿಡ್ತಾಳಾ?"

"ಬರ್ಲಿ ನಿಮ್ಮಜ್ಜಿ. ಅವಳ ಕೈನೂ ಪರೀಕ್ಷೆಗೆ ಕಳಿಸ್ತೀನಿ," ಎಂದಿದ್ದೆ.

ನನಗೆ ಬೇರೆ ದಾರಿ ಇರಲಿಲ್ಲ. ವಾರ್ಡಿನ ನೆಲ, ನಲ್ಲಿ, ಹಾಲಿನ ಬಾಟಲಿ, ಗಾಳಿಯ ಕೊಳವೆ, ಎಲ್ಲವನ್ನೂ ಒರೆಸಿ ನೋಡಿದ್ದಾಗಿತ್ತು. ವಾರ್ಡಿನ ಇಪ್ಪತ್ತೆರಡು ಜನರ ಕೈಗಳೂ ಶುದ್ಧ. ಸೋಂಕನ್ನು ತಂದದ್ದು ಬೇರೆ ಊರಿನಿಂದ ಬಂದ ಮೊದಲನೇ ಕೂಸು, ಅದರಲ್ಲಿ ಗುಟ್ಟೇನಿಲ್ಲ. ಆದರೆ ಒಂದನೇ ಪೆಟ್ಟಿಗೆಯಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ ಅದನ್ನು ಹೊತ್ತವರು ಯಾರು? ಒದ್ದೆ ದಾರ ಗ್ಲೌಸಿನ ಅಂಚಿನಲ್ಲಿ ಅಡಗಿ ಕೂತರೆ ಯಾವ ಸೋಪಿಗೂ ಸಿಗುವುದಿಲ್ಲ. ಈ ಜಾತಿಯ ಕೀಟಾಣು ಒಣಗಿದರೂ ವಾರಗಟ್ಟಲೆ ಸಾಯುವುದಿಲ್ಲ.

ಮಾರ್ಚ್ ಎರಡರಂದೇ ವಾರ್ಡಿನ ಬಾಗಿಲಿಗೆ ಆಜ್ಞೆ ಅಂಟಿಸಿತ್ತು: ಒಳಗೆ ಬರುವವರ ಕೈ ಮೊಣಕೈವರೆಗೂ ಬರಿದಾಗಿರಬೇಕು. ಗಡಿಯಾರ ಬೇಡ, ಉಂಗುರ ಬೇಡ, ಮಾರ್ತೆನಿತ್ಸಾ ಬೇಡ. ಬರೆದವಳು ನಾನು, ಸಹಿ ಹಾಕಿದ್ದು ವಾರ್ಡಿನ ಮುಖ್ಯಸ್ಥ ಡಾಕ್ಟರ್ ಗಾಂಚೆವ್.

"ದಾರ ಎಲ್ಲಿ?" ಎಂದೆ.

ಬಿಸ್ತ್ರಾ ಕೊಳವೆ ಎತ್ತಿ ತೋರಿಸಿದಳು. ಪಕ್ಕದಲ್ಲಿ ನಾನೇ ಬರೆದ ಚೀಟಿ: ಉದ್ದ ಮೂವತ್ತೆರಡು ಸೆಂಟಿಮೀಟರ್. ಒಂದು ಕಡೆ ಖಾಲಿ ಗಂಟು, ಅಲ್ಲಿ ಏನೋ ಪೋಣಿಸಿದ್ದು ಕಿತ್ತುಹೋಗಿದೆ.

"ಮೂವತ್ತೆರಡು! ಯಾವ ಹೆಂಗಸಿನ ಕೈಗೆ ಕಣೇ ಇದು? ವಾರ್ಡಲ್ಲಿ ಇರೋರೆಲ್ಲ ಹೆಂಗಸರು. ಗಂಡಸು ಅಂತ ಇರೋದು ಒಬ್ಬನೇ. ಕುಸ್ತಿ ಆಡಿ ಬೆಳೆದ ಮೈ, ಕಂಬದಂಥ ಕೈ."

"ಮಧ್ಯದಲ್ಲಿ ಬಾಗಿರೋ ಗುರುತಿದೆ ಅಕ್ಕ. ನೋಡಿದ್ಯಾ?"

"ಕೊಂಬೆಗೆ ಸುತ್ತಿದ್ದು ಬಾಗದೆ ಇನ್ನೇನಾಗುತ್ತೆ? ಗಾಂಚೆವ್! ತಾನೇ ಆಜ್ಞೆ ಹೊರಡಿಸಿ ತಾನೇ ಕಟ್ಕೊಂಡಿದಾನೆ. ಮೇಲಿಂದ ಒಬ್ಬ ಆಯಾನ ಬಲಿ ಹಾಕೋಕೆ ನಿಂತಿದಾನೆ!"

ಬಿಸ್ತ್ರಾ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ರಾತ್ರಿ ನಿದ್ದೆಯಿಲ್ಲ, ಪಾಪ, ಎಂದುಕೊಂಡೆ.

"ದೋನ್ಕಕ್ಕ, ಸಿಟ್ಟಲ್ಲಿ ಹೋಗ್ಬೇಡ. ಒಂದ್ನಿಮಿಷ ಕೂತ್ಕೋ. ನಾನೊಂದು ಮಾತು…"

"ಆಮೇಲೆ ಹೇಳು. ಹನ್ನೊಂದಕ್ಕೆ ರಾಜಧಾನಿಯಿಂದ ತನಿಖೆಯವರು ಬರ್ತಾರೆ. ಈಗಲೇ ಹತ್ತೂಕಾಲು."

"ಅಕ್ಕ, ಮುಖ್ಯವಾದ ಮಾತು."

"ಇದಕ್ಕಿಂತ ಮುಖ್ಯ ಇದೆಯಾ? ತಟ್ಟೆ, ಕೊಳವೆ ಎರಡೂ ನಿನ್ನ ಹತ್ರಾನೇ ಇರ್ಲಿ. ಇಡೀ ಆಸ್ಪತ್ರೆಯಲ್ಲಿ ನಾನು ನಂಬೋದು ನಿನ್ನೊಬ್ಬಳನ್ನೇ."

ಅವಳು ನನ್ನ ಹಿಂದೆಯೇ ಎರಡು ಹೆಜ್ಜೆ ಬಂದಳು. ನಾನು ಬಾಗಿಲು ದಾಟಿ ಆಗಿತ್ತು.

*

ಮೊದಲನೇ ಮಹಡಿಯ ಮೆಟ್ಟಿಲ ಕೆಳಗೆ, ನೆಲ ಒರೆಸುವ ಬಕೆಟ್ಟುಗಳನ್ನಿಡುವ ಮೂಲೆಯಲ್ಲಿ ಫಿದಾನಾ ಕೂತಿದ್ದಳು. ನವಜಾತ ಶಿಶು ವಾರ್ಡಿನ ಆಯಾ. ಹದಿನೆಂಟು ವರ್ಷದ ಸೇವೆ. ಆ ವಾರ್ಡಿನ ನೆಲ ನನ್ನ ಅಡುಗೆಮನೆಗಿಂತ ಚೊಕ್ಕ ಇರುವುದು ಇವಳಿಂದ. ಊರಾಚೆಯ ಜಿಪ್ಸಿ ಕೇರಿಯವಳು ಎಂಬ ಒಂದೇ ಕಾರಣಕ್ಕೆ ಈಗ ಎಲ್ಲರ ಬೆರಳೂ ಇವಳ ಕಡೆ.

"ಇಲ್ಯಾಕೆ ಬಚ್ಚಿಟ್ಕೊಂಡು ಕೂತಿದೀಯೇ?"

"ಮೇಲೆ ಇಲಿಯಾನಾ ಕೂತಿದಾಳೆ, ಕಾಲಿನ್ ಅಮ್ಮ. ನಿನ್ನೆ ನನ್ನ ಮುಖದ ಮೇಲೆ ಉಗಿದ್ಲು ದೋನ್ಕಕ್ಕ. ಮಗು ತಿನ್ನೋ ಮಾರಿ ಅಂದ್ಲು." ಫಿದಾನಾ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು, ಉಗುಳು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. "ನಾನು ತಿರುಗಿ ಏನೂ ಅನ್ಲಿಲ್ಲ. ನನ್ ಬಾಯಿ ನಿಂಗೆ ಗೊತ್ತಲ್ಲ. ಆದ್ರೂ ಅನ್ಲಿಲ್ಲ. ಹೆತ್ತವಳು."

"ಅವಳ ತಲೆಗೆ ಇದನ್ನ ತುಂಬಿದ್ದು ಯಾರು?"

"ಇನ್ಯಾರು? ದೊಡ್ಡ ಡಾಕ್ಟ್ರು. ನಂದು ಸಹಿ ಇದೆಯಂತಲ್ಲ."

ನಾನು ನಿಂತಲ್ಲೇ ನಿಂತೆ. "ಯಾವ ಸಹಿ?"

"ಸೋಮವಾರ ಕರೆದ್ರು. ನಿಂಗೆ ಸುಸ್ತಾಗಿದೆ ಫಿದಾನಾ, ಮುಂದಿನ್ ವಾರ ರಜ ತಗೋ, ಇಲ್ಲಿ ಸಹಿ ಹಾಕು ಅಂದ್ರು. ಕನ್ನಡಕ ಮನೇಲಿತ್ತು. ಹಾಕ್ದೆ. ನಿನ್ನೆ ಕಚೇರಿಯ ಹುಡುಗಿ ಹೇಳ್ತಾಳೆ, ಅದು ರಜಾ ಚೀಟಿ ಅಲ್ವಂತೆ. ನಾನು ದಾರ ಕಟ್ಕೊಂಡೇ ಒಳಗೆ ಕೆಲಸ ಮಾಡ್ತಿದ್ದೆ ಅಂತ ಒಪ್ಕೊಂಡಿದೀನಂತೆ! ಇವತ್ತು ಆ ಕಾಗದ ತನಿಖೆಯವರ ಕೈಗೆ, ಅಲ್ಲಿಂದ ಸರ್ಕಾರಿ ವಕೀಲರ ಕೈಗೆ. ಜೈಲು ದೋನ್ಕಕ್ಕ. ಎರಡು ಕೂಸು ಕೊಂದವಳು ಅಂತ ಜೈಲು."

"ನಿನ್ನ ದಾರ ಎಲ್ಲಿತ್ತು?"

"ಬಟ್ಟೆ ಬದಲಾಯಿಸೋ ಕೋಣೇಲಿ, ಹೊರಗಿನ ಕೋಟಿಗೆ ಸಿಕ್ಕಿಸಿದ್ದೆ. ನೀನೇ ನೋಡಿದ್ಯಲ್ಲ. ನೋಡಿ, ಭೇಷ್ ಅಂದ್ಯಲ್ಲ."

ನೋಡಿದ್ದೆ. ಭೇಷ್ ಎಂದಿದ್ದೆ. ನನ್ನ ಮೈಯೆಲ್ಲ ಉರಿದು ಹೋಯಿತು. ಕೊಲೆ ಮಾಡಿದವನ ಮೇಲಾದರೂ ಒಂದು ತೂಕದ ಸಿಟ್ಟು ಬರುತ್ತದೆ. ನಂಬಿದವಳಿಂದ ಮೋಸದಲ್ಲಿ ಸಹಿ ಹಾಕಿಸಿಕೊಂಡವನ ಮೇಲೆ ಬರುವ ಸಿಟ್ಟಿಗೆ ತೂಕವೇ ಇಲ್ಲ.

"ಎದ್ದೇಳು. ನನ್ನ ಜೊತೆ ಬಾ."

"ಬೇಡ ಅಕ್ಕ, ನಾನು…"

"ಎದ್ದೇಳೇ! ಬಚ್ಚಿಟ್ಕೊಳ್ಳೋಕೆ ನೀನೇನು ಕದ್ದಿದೀಯಾ?"

*

ಗಾಂಚೆವ್‌ನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ. ಫಿದಾನಾಳನ್ನು ಹೊಸ್ತಿಲ ಒಳಗೇ, ಕಿಟಕಿಯ ಪಕ್ಕ ನಿಲ್ಲಿಸಿದೆ. ಆತ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದ. ಮೇಜಿನ ಮೇಲೆ ಅರ್ಧ ತಿಂದ ಚೀಸ್ ತುಂಬಿದ ಬಾನಿತ್ಸಾ, ಅದರ ಎಣ್ಣೆ ಇಳಿದ ಕಾಗದ, ಪಕ್ಕದಲ್ಲೇ ಸಾವಿನ ವರದಿ.

"ಸಿಸ್ಟರ್, ಬಾಗಿಲು ಅನ್ನೋದು ಒಂದಿರುತ್ತೆ."

"ಮಾನ ಅನ್ನೋದೂ ಒಂದಿರುತ್ತೆ ಡಾಕ್ಟ್ರೇ. ನಿಮ್ಮ ಎಡಗೈ ತೋರಿಸಿ."

"ಏನು?"

"ತೋಳು ಮೇಲೆತ್ತಿ. ಕೂಸುಗಳ ಪೆಟ್ಟಿಗೆಗೆ ಹಾಕ್ತೀರಲ್ಲ, ಆ ಕೈ."

ಆತ ನಾಲಿಗೆ ಲೊಚಗುಟ್ಟಿದ. "ಬೆಳಗ್ಗೆ ಬೆಳಗ್ಗೆ ಏನು ಹಿಡ್ಕೊಂಡಿದೆ ನಿಮಗೆ? ಮರ ಹತ್ತಿ ದಾರ ಕಿತ್ರಂತೆ. ಇಡೀ ಆಸ್ಪತ್ರೆ ನಗ್ತಿದೆ. ಮಾಟಗಾತಿ ದೋನ್ಕಾ ಅಂತಿದಾರೆ."

"ನಗ್ಲಿ. ಆ ಮರದಲ್ಲಿ ಹದಿನೇಳನೇ ದಾರ ಒಂದು ಸಿಕ್ಕಿದೆ. ಅದರಲ್ಲಿ ಕಾಲಿನ್ ರಕ್ತದಲ್ಲಿರೋ ಸೋಂಕೇ ಇದೆ. ಮೂವತ್ತೆರಡು ಸೆಂಟಿಮೀಟರ್ ಉದ್ದ. ನಮ್ಮ ವಾರ್ಡಲ್ಲಿ ಅಷ್ಟು ದಪ್ಪ ಕೈ ಒಂದೇ ಇರೋದು."

ಗಾಂಚೆವ್‌ನ ಮುಖದಲ್ಲಿ ನಾನು ಹೆದರಿಕೆಯನ್ನು ಹುಡುಕುತ್ತಿದ್ದೆ. ಹೆದರಿಕೆ ಬಂತು, ನಿಜ. ಆದರೆ ಅರೆಕ್ಷಣದಲ್ಲಿ ಅದು ಕರಗಿ, ಬದಲಿಗೆ ಬೇರೇನೋ ಬಂತು. ಹಗುರಾದವನ ಮುಖ. ಆತ ಕುರ್ಚಿಗೆ ಕುಸಿದು ನಗಲು ಶುರುಮಾಡಿದ.

"ಮರದಲ್ಲಿ? ಮರದಲ್ಲಿ ಸಿಕ್ಕಿತಾ? ಅಯ್ಯೋ ದೇವರೇ! ನಾನು ಮರಕ್ಕೆ ಏನೂ ಕಟ್ಟೇ ಇಲ್ಲವಲ್ಲ ಸಿಸ್ಟರ್!"

"ಸುಳ್ಳು."

"ಸುಳ್ಳಾ? ನೋಡಿ!" ಎಂದು ಮೇಜಿನ ಕೆಳಗಿನ ಖಾನೆಯ ಬೀಗ ತೆಗೆದು, ಒಂದು ಲಕೋಟೆಯನ್ನು ಮೇಜಿನ ಮೇಲೆ ಸುರಿದ. ಒಂದು ಕೆಂಪು-ಬಿಳಿ ದಾರ ಬಿತ್ತು. ಅದಕ್ಕೆ ಎರಡು ನೀಲಿ ಮಣಿ, ಮೂರನೆಯದರ ಜಾಗ ಖಾಲಿ. "ಇದು ನಂದು. ಹದಿನಾರನೇ ತಾರೀಕಿಂದ ಇಲ್ಲೇ ಇದೆ. ನಿಮ್ಮ ಹದಿನೇಳನೇ ದಾರ ನಂದಲ್ಲ!"

ಖುಷಿಯಲ್ಲಿ ಆತನಿಗೆ ತಾನೇನು ಹೇಳಿದೆ ಎಂದೇ ತಿಳಿಯಲಿಲ್ಲ. ತಿಳಿದದ್ದು ಕಿಟಕಿಯ ಬಳಿ ನಿಂತಿದ್ದ ಫಿದಾನಾಗೆ.

"ಹಾಗಾದ್ರೆ ನೀವು ಕಟ್ಕೊಂಡಿದ್ರಿ," ಎಂದಳು ಮೆಲ್ಲಗೆ.

ನಗು ನಿಂತಿತು.

"ಹದಿನಾರರ ತನಕ ಕಟ್ಕೊಂಡಿದ್ರಿ," ಎಂದೆ ನಾನು. "ನಿಮ್ಮದೇ ಆಜ್ಞೆ ಬಾಗಿಲ ಮೇಲೆ ಅಂಟಿದ್ದಾಗ. ಒಳಗೆ ಕೂಸುಗಳು ಒಂದು ಉಸಿರಿಗೆ ಒದ್ದಾಡ್ತಿದ್ದಾಗ."

"ನನ್ನ ಮೊಮ್ಮಗಳು ಕಟ್ಟಿದ್ದು," ಎಂದ ಗಾಂಚೆವ್. ಅಷ್ಟು ದೊಡ್ಡ ಮೈ, ಧ್ವನಿ ಮಾತ್ರ ಸಣ್ಣಗಾಗಿತ್ತು. "ನಾಲ್ಕು ವರ್ಷದವಳು. ಕೊಕ್ಕರೆ ಕಾಣೋ ತನಕ ಬಿಚ್ಚಬಾರ್ದು ತಾತ, ಬಿಚ್ಚಿದ್ರೆ ನಿಂಗೆ ಜ್ವರ ಬರುತ್ತೆ ಅಂದ್ಲು. ಗ್ಲೌಸ್ ಒಳಗೆ ಇರುತ್ತಲ್ಲ, ಏನಾಗುತ್ತೆ ಅನ್ಕೊಂಡೆ."

"ಏನಾಗುತ್ತೆ ಅನ್ಕೊಂಡ್ರಿ! ಮೂವತ್ತು ವರ್ಷ ಓದಿದ ಡಾಕ್ಟ್ರು! ಇದೇ ಮಾತು ಈ ಫಿದಾನಾ ಆಡಿದ್ರೆ ಅವಳ ಕೇರಿ, ಅವಳ ಕುಲ, ಅವಳ ಕೊಳಕು ಎಲ್ಲ ಎಳೆದು ತರ್ತಿದ್ರಿ. ನೀವು ಮಾಡಿದ್ರೆ ಮೊಮ್ಮಗಳ ಪ್ರೀತಿ!"

"ಹದಿನಾರಕ್ಕೆ ಯಾಕೆ ಬಿಚ್ಚಿದ್ರಿ?" ಎಂದು ಫಿದಾನಾ ಕೇಳಿದಳು. ನಾನು ಕೇಳಬೇಕಾದ ಪ್ರಶ್ನೆ. ಸಿಟ್ಟಿನಲ್ಲಿ ನನಗೆ ಹೊಳೆದಿರಲಿಲ್ಲ.

ಗಾಂಚೆವ್ ಲಕೋಟೆಯನ್ನು ಮತ್ತೆ ಕೊಡವಿದ. ಇನ್ನೊಂದು ಮಣಿ ಉರುಳಿ ಬಂತು. ಬಿಡಿ ಮಣಿ.

"ಎರಡನೇ ಕೂಸಿನ ಹಾಸಿಗೆ ಕೆಳಗೆ ಸಿಕ್ತು," ಎಂದ. "ಹಾಸಿಗೆ ಬದಲಾಯಿಸೋವಾಗ ನಾನೇ ಕಂಡೆ. ನನ್ನ ಕೈ ನೋಡ್ಕೊಂಡೆ, ಒಂದು ಮಣಿ ಇರಲಿಲ್ಲ. ಆವತ್ತಿಂದ ನಾನು ಮಲಗಿಲ್ಲ."

"ಮಲಗಿಲ್ಲ. ಆದ್ರೆ ಸೋಮವಾರ ಎದ್ದು ಕೂತು ಫಿದಾನಾ ಸಹಿ ಹಾಕಿಸ್ಕೊಂಡ್ರಿ."

"ನನ್ನ ಕೆಳಗೆ ಇಡೀ ವಾರ್ಡಿದೆ ಸಿಸ್ಟರ್. ನಾನು ಬಿದ್ರೆ ವಾರ್ಡೇ ಮುಚ್ಚುತ್ತೆ. ಈ ಕಡೆಯ ಕೂಸುಗಳೆಲ್ಲ ನೂರು ಕಿಲೋಮೀಟರ್ ಹೋಗ್ಬೇಕು. ಆಯಾ ಒಬ್ಬಳು ಹೋದ್ರೆ…"

"ಒಬ್ಬಳು ಹೋದ್ರೆ ಏನು? ಹೇಳಿ! ಅವಳನ್ನ ನೋಡ್ಕೊಂಡು ಹೇಳಿ!"

ಆತ ಫಿದಾನಾ ಕಡೆ ತಿರುಗಲಿಲ್ಲ. ಬಾನಿತ್ಸಾದ ಕಾಗದವನ್ನು ಮಡಿಸುತ್ತಾ, ಬಿಡಿಸುತ್ತಾ ಕೂತ.

ನಾನು ಆ ಬಿಡಿ ಮಣಿಯನ್ನು ಚಿಮಟದಲ್ಲಿ ಎತ್ತಿ, ದಾರದಲ್ಲಿದ್ದ ಎರಡರ ಪಕ್ಕ ಇಟ್ಟೆ. ಎರಡು ವಾರ ಈ ಮನುಷ್ಯ ಹೆದರಿಕೆಯಲ್ಲಿ ಬೆಂದಿದ್ದಾನೆ, ಒಂದು ಸಲವೂ ಈ ಕೆಲಸ ಮಾಡಿಲ್ಲ. ನೀಲಿ ಎಂದರೆ ನೀಲಿ ಅಷ್ಟೆ ಅವನಿಗೆ. ಮೊಮ್ಮಗಳ ಮಣಿಗಳು ಪ್ಲಾಸ್ಟಿಕ್, ತಿಳಿ ನೀಲಿ, ಅಚ್ಚಿನಲ್ಲಿ ಒತ್ತಿದವು. ಇದು ಗಾಜು. ಕಡುನೀಲಿ, ತೂಕ ಇರುವ ಹಳೆಯ ಗಾಜು.

"ಇದು ನಿಮ್ಮದಲ್ಲ," ಎನ್ನಲು ಹೊರಟೆ. ಅಷ್ಟರಲ್ಲಿ ಚಿಮಟದ ತುದಿ ತಗುಲಿ ಮಣಿ ಹೊರಳಿತು.

ಮಣಿಯ ತೂತಿನ ಹತ್ತಿರ ಒಂದು ಚೂರು ಒಡೆದಿತ್ತು. ಉಗುರಿನ ಆಕಾರದ ಚೂರು.

ಅದು ಒಡೆದ ದಿನ ನನಗೆ ಗೊತ್ತು. ನನ್ನ ಅಮ್ಮನ ಸರ ಕಿತ್ತು ಹೋಗಿ ಮಣಿಗಳೆಲ್ಲ ನಮ್ಮ ಮನೆಯ ಕಲ್ಲುಮೆಟ್ಟಿಲ ಮೇಲೆ ಚೆಲ್ಲಿದ್ದವು. ಹೆಕ್ಕಿದ್ದು ನಾನೇ. ಆಮೇಲೆ ಪ್ರತಿ ಮಾರ್ಚ್ ಒಂದಕ್ಕೆ ಒಂದೊಂದು ಮಣಿಯನ್ನು ಮಾರ್ತೆನಿತ್ಸಾಕ್ಕೆ ಪೋಣಿಸಿ ಬಹಳ ಬೇಕಾದವರಿಗೆ ಕಟ್ಟುತ್ತಾ ಬಂದೆ. ಈ ವರ್ಷ ಉಳಿದಿದ್ದದ್ದು ಒಂದೇ, ಒಡೆದದ್ದು. ಅದನ್ನು ಲ್ಯಾಬಿಗೆ ಒಯ್ದು, ಬಿಸ್ತ್ರಾಳ ಕೈಗೆ ನಾನೇ ಕಟ್ಟಿದ್ದೆ. ಅವಳದು ಹಕ್ಕಿಯ ಕಾಲಿನಷ್ಟು ಸಣ್ಣ ಕೈ. ಒಂದು ಸುತ್ತಿಗೆ ನಿಲ್ಲುವುದಿಲ್ಲವೆಂದು ಯಾವಾಗಲೂ ಎರಡು ಸುತ್ತು ಕಟ್ಟುತ್ತೇನೆ.

ಎರಡು ಸುತ್ತು. ಮೂವತ್ತೆರಡು ಸೆಂಟಿಮೀಟರ್. ಮಧ್ಯದಲ್ಲಿ ಬಾಗಿದ ಗುರುತು. ಅವಳೇ ತೋರಿಸಿದಳು, ನನ್ನ ಕಣ್ಣಿಗೆ ಕಾಣಲಿಲ್ಲ. ಗಾಂಚೆವ್‌ನ ಮೇಲಿನ ಸಿಟ್ಟು ನನ್ನ ಕಣ್ಣಿಗೆ ಪೊರೆ ಕಟ್ಟಿತ್ತು.

ಲ್ಯಾಬಿನವಳಿಗೆ ದಾರ ಕಟ್ಟಿದರೆ ತಪ್ಪೇನು? ಅವಳು ವಾರ್ಡಿಗೆ ಹೋಗುವವಳಲ್ಲವಲ್ಲ. ಹೋಗುತ್ತಿರಲಿಲ್ಲ. ಮೊದಲನೇ ಕೂಸಿಗೆ ಸೋಂಕು ಇದೆಯೆಂದು ಗೊತ್ತಾದಾಗ, ದಿನಾ ಬೆಳಗ್ಗೆ ಎಲ್ಲ ಪೆಟ್ಟಿಗೆಗೂ ಕೈ ಹಾಕಿ, ಎಲ್ಲ ಕೂಸುಗಳ ಮೈಯಿಂದ ಹತ್ತಿ ಕಡ್ಡಿಯಲ್ಲಿ ಮಾದರಿ ತೆಗೆಯಲು ಅವಳನ್ನು ಕಳಿಸಿದ್ದು ನಾನು. ಬೇರೆ ಯಾರೂ ಬೇಡ, ನೀನೇ ಹೋಗು, ನಿನ್ನ ಕೈ ಮೇಲೆ ನನಗೆ ನಂಬಿಕೆ ಎಂದಿದ್ದೆ. ಒಂದನೇ ಪೆಟ್ಟಿಗೆ, ಎರಡನೆಯದು, ಮೂರನೆಯದು. ಉದ್ದ ತೋಳಿನ ಲ್ಯಾಬ್ ಕೋಟು, ಅದರೊಳಗೆ ನಾನು ಕಟ್ಟಿದ ದಾರ. ನನ್ನ ಇಪ್ಪತ್ತೆರಡು ಜನರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಮೊಣಕೈವರೆಗೆ ಬರಿಗೈ ಎಂಬ ನನ್ನ ಆಜ್ಞೆಯನ್ನು ಅವಳಿಗೆ ಓದಿ ಹೇಳಿದವರೂ ಇಲ್ಲ. ಸೋಂಕು ಹುಡುಕಲು ಕಳಿಸಿದವಳ ಕೈಯಲ್ಲೇ ಸೋಂಕು ಕಟ್ಟಿ ಕಳಿಸಿದ್ದೆ.

ಎರಡು ಕೂಸು!

"ಏನಾಯ್ತು?" ಎಂದ ಗಾಂಚೆವ್. "ಮಣಿ ಯಾರದು?"

ನನಗೆ ಗೊತ್ತಿಲ್ಲ ಎಂದರೆ ಸಾಕಿತ್ತು. ಈ ಕೋಣೆಯಲ್ಲಿ ಆ ಮಣಿಯನ್ನು ಬಲ್ಲವಳು ನಾನೊಬ್ಬಳೇ. ಗಾಂಚೆವ್ ಹೇಗೂ ಕಟ್ಟಿಕೊಂಡಿದ್ದ, ಹೇಗೂ ಮುಚ್ಚಿಟ್ಟಿದ್ದ. ಅವನೇ ಹೊತ್ತುಕೊಳ್ಳಲಿ! ಅವನಿಗೆ ಆಗಬೇಕಾದದ್ದೇ! ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಈ ಮನುಷ್ಯನಿಗೆ ಫಿದಾನಾಳ ವಿಷಯದಲ್ಲಿ ಬಂದ ಯೋಚನೆಯೂ ಹೀಗೇ ಬಂದಿರಬೇಕು ಎಂದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಕಿಟಕಿಯ ಬಳಿ ಫಿದಾನಾ ನನ್ನನ್ನೇ ನೋಡುತ್ತಿದ್ದಳು.

"ಆ ವರದಿ ತೆಗೀರಿ," ಎಂದೆ. "ಫಿದಾನಾ ಹೆಸರು ಹೊಡೆದು ಹಾಕಿ. ಮೂರು ಹೆಸರು ಬರೀಬೇಕು. ಮಣಿ ಮುಚ್ಚಿಟ್ಟಿದ್ದಕ್ಕೆ, ಸುಳ್ಳು ಸಹಿಗೆ ನಿಮ್ದು. ದಾರ ಒಳಗೆ ತಂದಿದ್ದಕ್ಕೆ ಡಾಕ್ಟರ್ ಬಿಸ್ತ್ರಾದು."

"ಬಿಸ್ತ್ರಾ!" ಆತ ಅರ್ಧ ಎದ್ದ. "ಮೂರನೇದು?"

"ಕಟ್ಟಿದವಳದು, ಕಳಿಸಿದವಳದು. ನಂದು."

ಗಾಂಚೆವ್ ಮತ್ತೆ ಕುರ್ಚಿಗೆ ಒರಗಿದ. ಆಮೇಲೆ ಆತನ ಮುಖಕ್ಕೆ ಹಳೆಯ ಬಣ್ಣ ಮರಳಿತು. ಟೈ ಸರಿಮಾಡಿಕೊಂಡ. ಲೆಕ್ಕಾಚಾರ ಶುರುವಾಯಿತೆಂದು ಗೊತ್ತಾಯಿತು.

"ಸಾಕ್ಷಿ ಏನಿದೆ ಸಿಸ್ಟರ್? ಒಂದು ಮಣಿ? ಅದನ್ನ ಬಿಸ್ತ್ರಾಗೆ ಕಟ್ಟಿದ್ದು ನೀವು ಅಂತ ನೀವೇ ಹೇಳ್ಬೇಕು. ಫಿದಾನಾ ಸಹಿ ಇಲ್ಲಿದೆ. ಅದರ ಒಂದು ಪ್ರತಿ ಬೆಳಗ್ಗೆಯೇ ತನಿಖೆಯವರಿಗೆ ಹೋಗಿದೆ."

"ಹದಿನೇಳನೇ ದಾರ ಇದೆ. ಅದರ ತಟ್ಟೆ ಇದೆ. ಆ ಖಾಲಿ ಗಂಟಿಗೆ ಈ ಮಣಿ ಕೂರುತ್ತೆ. ಯಾರು ಬೇಕಾದ್ರೂ ಕೂರಿಸಿ ನೋಡ್ಲಿ."

"ತರ್ಸಿ ಹಾಗಾದ್ರೆ."

ಅವನ ಮೇಜಿನ ಫೋನಿನಿಂದಲೇ ಲ್ಯಾಬಿಗೆ ಮಾಡಿದೆ. ಎತ್ತಿದ್ದು ಅಲ್ಲಿನ ಸಹಾಯಕಿ.

"ಬಿಸ್ತ್ರಾ ಮೇಡಮ್ಮಾ? ಹದಿನೇಳನೇ ತಟ್ಟೆ, ಆ ಕೊಳವೆ ಎರಡೂ ಬಿಳೀ ಬಟ್ಟೇಲಿ ಸುತ್ಕೊಂಡು ಹೋದ್ರಲ್ಲ ಸಿಸ್ಟರ್. ನಿಮಗೇ ಕೊಡೋಕೆ ಅಂದ್ರು. ಇನ್ನೂ ಬಂದಿಲ್ವಾ? ಹೋಗಿ ಕಾಲು ಗಂಟೆ ಆಯ್ತು."

ಲ್ಯಾಬಿನಿಂದ ಈ ಕೋಣೆಗೆ ಎರಡು ನಿಮಿಷದ ದಾರಿ.

ಒಂದು ಮಾತು ಹೇಳಬೇಕಿತ್ತು ಎಂದಿದ್ದಳು. ಕೂತುಕೋ ಎಂದಿದ್ದಳು. ಆಮೇಲೆ ಹೇಳು ಎಂದು ಬಾಗಿಲು ದಾಟಿದ್ದೆ ನಾನು.

ಕೆಳಗೆ ಗೇಟು ಕಿರುಗುಟ್ಟಿತು. ಕಿಟಕಿಗೆ ಹೋದೆ. ತನಿಖೆಯವರ ಕಪ್ಪು ಕಾರು ಒಳಗೆ ಬರುತ್ತಿತ್ತು. ಮುಂಬಾಗಿಲ ಮೆಟ್ಟಿಲಿಗೆ ಇಲಿಯಾನಾ ಇಳಿದು ಬಂದು ನಿಂತಿದ್ದಳು, ಕಾರಿನಿಂದ ಇಳಿಯುವವರ ಕಾಲು ಹಿಡಿಯಲು ತಯಾರಾದವಳಂತೆ.

"ದೋನ್ಕಕ್ಕ, ಅಗೋ ಅಲ್ಲಿ," ಎಂದಳು ಫಿದಾನಾ.

ಪ್ಲಮ್ ಮರದ ಕೆಳಗೆ ಬಿಸ್ತ್ರಾ ನಿಂತಿದ್ದಳು. ಎರಡೂ ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ತಲೆ ಎತ್ತಿ ನೇರ ನಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ನಾನು ಗಾಜಿನ ಮೇಲೆ ಅಂಗೈ ಬಡಿದೆ. ಕೂಗಿದೆ. ಕೇಳಿಸಿತೋ ಇಲ್ಲವೋ. ಅವಳು ಒಮ್ಮೆ ಕಾರನ್ನು ನೋಡಿದಳು, ಒಮ್ಮೆ ಇಲಿಯಾನಾಳನ್ನು. ಅವಳ ಎಡಕ್ಕೆ ಆಸ್ಪತ್ರೆಯ ಮೆಟ್ಟಿಲು. ಬಲಕ್ಕೆ ಬಾಯ್ಲರ್ ಮನೆ. ಮುದುಕ ಸ್ಪಾಸ್ ಕಲ್ಲಿದ್ದಲು ತುಂಬಲು ಅದರ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟಿದ್ದ, ಒಳಗೆ ಬೆಂಕಿ ಕೆಂಪಗೆ ಕಾಣುತ್ತಿತ್ತು.

ಫಿದಾನಾಳ ಬೆರಳು ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು.

"ದೋನ್ಕಕ್ಕ… ಬಿಸ್ತ್ರಾ ಮೇಡಮ್ ಮೆಟ್ಟಿಲ ಕಡೆ ಬರ್ತಾ ಇಲ್ಲ."